ಒಂದೇ ಧ್ವನಿಯೋ, ಎರಡೋ? – ನುಡಿ ಪ್ರಶ್ನೋತ್ತರ

ಪ್ರಶ್ನೆ: ಗೊತ್ತಿಲ್ಲದ ಭಾಷೆಯ ಒಂದಷ್ಟು ಪದ ಕೊಟ್ಟು, ಎರಡು ಧ್ವನಿಗಳು ಬೇರೆ ಬೇರೆ ಧ್ವನಿಮಾಗಳೋ (ಪದದ ಅರ್ಥ ಬೇರೆ ಮಾಡುವ ಧ್ವನಿಗಳೋ), ಒಂದೇ ಧ್ವನಿಮಾದ ಉಪಧ್ವನಿಗಳೋ (ಅರ್ಥ ಬದಲಿಸದ ರೂಪಗಳೋ) ಎಂದು ಪರೀಕ್ಷೆಯಲ್ಲಿ ಕೇಳುತ್ತಾರೆ. ಕನಿಷ್ಠ ಜೋಡಿ (ಒಂದೇ ಒಂದು ಧ್ವನಿ ಬದಲಾಗಿ ಅರ್ಥ ಬೇರೆಯಾಗುವ ಎರಡು ಪದ) ಸಿಗದಿದ್ದಾಗ ‘ಉಪಧ್ವನಿ’ ಎಂದು ಬರೆದರೆ ಅಂಕ ಕಳೆಯುತ್ತಾರೆ. ಯಾಕೆ?
– ಎಂ.ಎ. ವಿದ್ಯಾರ್ಥಿನಿ, ತುಮಕೂರು

ಉತ್ತರ: ಅಂಕ ಕಳೆಯುವುದು ನ್ಯಾಯವೇ. ಕನಿಷ್ಠ ಜೋಡಿ ಸಿಕ್ಕರೆ ಮಾತು ಮುಗಿಯಿತು: ಮನೆ–ಮಣೆ ಇದ್ದ ಮೇಲೆ ಕನ್ನಡದಲ್ಲಿ ನ, ಣ ಬೇರೆ ಧ್ವನಿಮಾಗಳು. ಸಿಗದಿದ್ದರೆ ಮಾತ್ರ ಏನೂ ಸಾಬೀತಾಗುವುದಿಲ್ಲ. ಕೊಟ್ಟ ಪಟ್ಟಿಯಲ್ಲಿ ಅದು ಇಲ್ಲ, ಅಷ್ಟೆ. ಆಗ ಪ್ರತಿಯೊಂದು ಧ್ವನಿಯ ಅಕ್ಕಪಕ್ಕ ಏನಿದೆ ಎಂದು ನೋಡಬೇಕು.

ಸ್ಪ್ಯಾನಿಷ್‌ನ ಐದು ಪದ ತೆಗೆದುಕೊಳ್ಳಿ: ದೆದೊ (ಬೆರಳು), ದೊಂದೆ (ಎಲ್ಲಿ), ಫಾಲ್ದ (ಲಂಗ), ಲಾದೊ (ಪಕ್ಕ), ತೊದೊ (ಎಲ್ಲ). ಇವುಗಳಲ್ಲಿ ಎರಡು ಬಗೆಯ ದ ಇವೆ. ಒಂದು ನಮ್ಮ ‘ದಾರ’ದ ದ. ಇನ್ನೊಂದು ಮೆದು ದ. ನಾಲಿಗೆಯ ತುದಿ ಹಲ್ಲಿಗೆ ಪೂರ್ತಿ ಒತ್ತದೆ, ಸಂದಿಯಲ್ಲಿ ಗಾಳಿ ಹರಿಯುತ್ತಲೇ ಇರುತ್ತದೆ. ಹಾಳೆಯಲ್ಲಿ ಎರಡು ಕಂಬ ಎಳೆದು, ಪ್ರತಿ ದಕಾರದ ಎಡಕ್ಕೂ ಬಲಕ್ಕೂ ಏನಿದೆ ಎಂದು ಬರೆಯಿರಿ. ಒಟ್ಟು ಏಳು ದಕಾರ. ಬಲಗಡೆ ಎಲ್ಲ ಕಡೆಯೂ ಸ್ವರವೇ ಇರುವುದರಿಂದ ಅದು ಉಪಯೋಗಕ್ಕೆ ಬಾರದು. ಎಡಗಡೆ ನೋಡಿ: ಗಟ್ಟಿ ದ ಪದದ ಆರಂಭದಲ್ಲಿ ಎರಡು ಸಲ, ನಕಾರದ ನಂತರ ಒಮ್ಮೆ, ಲಕಾರದ ನಂತರ ಒಮ್ಮೆ. ಮೆದು ದ ಬಂದಿರುವ ಮೂರೂ ಕಡೆ ಎಡಕ್ಕೆ ಸ್ವರ. ಒಂದು ಬರುವಲ್ಲಿ ಇನ್ನೊಂದು ಬರುವುದಿಲ್ಲ. ಇದೇ ಪರಿಪೂರಕ ಪ್ರಸಾರ.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ‘ಪದದ ಆರಂಭದಲ್ಲಿ ಗಟ್ಟಿ ದ’ ಎಂದು ನಿಯಮ ಬರೆದುಬಿಡುತ್ತಾರೆ. ಆದರೆ ‘ಮಿ ದೆದೊ’ (ನನ್ನ ಬೆರಳು) ಎಂದು ಒಂದೇ ಉಸಿರಿಗೆ ಹೇಳಿದರೆ ಮೊದಲ ದ ಕೂಡ ಮೆದುವಾಗುತ್ತದೆ. ನಿಯಮ ಇರುವುದು ಮಾತು ನಿಂತು ಶುರುವಾಗುವ ಜಾಗಕ್ಕೆ, ಪದದ ಗಡಿಗಲ್ಲ. ಬಿಡಿ ಪದಗಳ ಪಟ್ಟಿಯಲ್ಲಿ ಇದು ಕಾಣುವುದೇ ಇಲ್ಲ. ಆದ್ದರಿಂದ ಪದಗುಚ್ಛಗಳನ್ನು ಕೊಟ್ಟಿದ್ದರೆ ಮೊದಲು ಅವನ್ನೇ ನೋಡಿ.

ಇಷ್ಟಾದರೂ ಸಾಲದು, ಎರಡು ಧ್ವನಿಗಳಿಗೆ ಉಚ್ಚಾರಣೆಯಲ್ಲಿ ಹೋಲಿಕೆಯೂ ಬೇಕು. ಇಂಗ್ಲಿಷ್‌ನಲ್ಲಿ ‘ಹ್ಯಾಟ್’ನ ಹಕಾರ ಅಕ್ಷರದ (ಬರೆಯುವ ಅಕ್ಷರವಲ್ಲ, ಒಂದು ಸ್ವರದ ಸುತ್ತ ಒಟ್ಟಿಗೆ ಉಚ್ಚರಿಸುವ ತುಂಡಿನ) ಕೊನೆಗೆ ಬರುವುದಿಲ್ಲ, ‘ಸಿಂಗ್’ ಪದದ ಕೊನೆಯ ಙಕಾರ ಅಕ್ಷರದ ಮೊದಲಿಗೆ ಬರುವುದಿಲ್ಲ. ಪ್ರಸಾರ ಪರಿಪೂರಕವೇ, ಆದರೂ ಅವು ಒಂದೇ ಧ್ವನಿಮಾ ಎಂದು ಯಾರೂ ಹೇಳುವುದಿಲ್ಲ. ಒಂದು ಗಂಟಲಲ್ಲಿ ಹುಟ್ಟುತ್ತದೆ, ಇನ್ನೊಂದಕ್ಕೆ ಗಾಳಿ ಮೂಗಿನಿಂದ ಬರಬೇಕು.

ಇನ್ನೊಂದು ಎಚ್ಚರ: ಒಂದು ಭಾಷೆಯ ತೀರ್ಮಾನವನ್ನು ಇನ್ನೊಂದಕ್ಕೆ ಹೊತ್ತು ತರಬೇಡಿ. ಸ್ಪ್ಯಾನಿಷ್‌ನ ಎರಡು ದಕಾರಗಳಿಗೆ ಹೋಲಿಕೆಯೂ ಇರುವುದರಿಂದ ಅವು ಉಪಧ್ವನಿಗಳು; ಸುಮಾರು ಅದೇ ಬಗೆಯ ಎರಡು ಧ್ವನಿಗಳು ಇಂಗ್ಲಿಷ್‌ನಲ್ಲಿ ಗುಹೆ ಎನ್ನುವ ‘ಡೆನ್’ ಅನ್ನೂ ಆಮೇಲೆ ಎನ್ನುವ ‘ದೆನ್’ ಅನ್ನೂ ಬೇರೆ ಮಾಡುತ್ತವೆ. ಅಲ್ಲಿ ಅವು ಎರಡು ಧ್ವನಿಮಾಗಳು. ಲಿಪಿಯನ್ನೂ ನಂಬಬೇಡಿ: ಮಲಯಾಳದಲ್ಲಿ ಹಲ್ಲಿಗೆ ತಾಗುವ ‘ನ್ನ’ ಮತ್ತು ಒಸಡಿಗೆ ತಾಗುವ ‘ನ್ನ’ ಬೇರೆ ಧ್ವನಿಮಾಗಳು, ಆದರೆ ಬರೆಯುವ ಅಕ್ಷರ ಒಂದೇ.

ಪ್ರಶ್ನೆ: ಮನೆಯಲ್ಲಿ ತೆಲುಗು ಆಡುವ ಮಕ್ಕಳು ‘ಚೀಲ’ವನ್ನು ಸರಿಯಾಗಿ ಹೇಳಿ, ‘ಚಾಪೆ’ಯನ್ನು ‘ತ್ಸಾಪೆ’ ಅನ್ನುತ್ತಾರೆ. ತಿದ್ದುವುದು ಹೇಗೆ?
– ಶಿಕ್ಷಕರು, ಬಾಗೇಪಲ್ಲಿ

ಉತ್ತರ: ಆ ಮಕ್ಕಳು ತಮ್ಮ ಮನೆಮಾತಿನ ನಿಯಮವನ್ನು ಅಚ್ಚುಕಟ್ಟಾಗಿ ಪಾಲಿಸುತ್ತಿದ್ದಾರೆ. ಅಚ್ಚ ತೆಲುಗು ಪದಗಳಲ್ಲಿ ಇ, ಎ ಮುಂದಿದ್ದರೆ ಚ. ಅ, ಆ, ಉ, ಒ ಮುಂದಿದ್ದರೆ ತ್ಸ. ಮೀನು ‘ಚೇಪ’, ಚಾಪೆ ‘ತ್ಸಾಪ’, ಚುಕ್ಕಿ ‘ತ್ಸುಕ್ಕ’. ಇ, ಎ ಹೇಳಲು ನಾಲಿಗೆಯ ಮುಂಭಾಗ ಅಂಗುಳಿನತ್ತ ಏರಿರುತ್ತದೆ, ಅಲ್ಲಿ ಚಕಾರವೇ ಸುಲಭ. ಕನ್ನಡಕ್ಕೆ ಈ ನಿಯಮ ಇಲ್ಲ.

‘ತಪ್ಪು, ಚಾ ಅನ್ನು’ ಎಂದು ಗದರಿದರೆ ಪ್ರಯೋಜನವಿಲ್ಲ. ಎರಡೂ ಒಂದೇ ಎಂದು ಕೇಳಿಸಿಕೊಳ್ಳಲು ಮಗುವಿನ ಕಿವಿ ಪಳಗಿದೆ. ‘ಚೀ–ಚೇ’ ಹೇಳಿಸಿ, ನಾಲಿಗೆ ಕದಲದಂತೆ ‘ಚಾ–ಚೂ’ಗೆ ಜಾರಿಸಿ. ಆಮೇಲೆ ಚೀಲ–ಚಾಕು, ಚೇಳು–ಚೂರು ಹೀಗೆ ಜೋಡಿಜೋಡಿಯಾಗಿ ಹೇಳಿಸಿ. ತೆಲುಗಿನಲ್ಲೂ ಸಂಸ್ಕೃತದಿಂದ ಬಂದ ‘ಚಂದ್ರುಡು’ ಚಕಾರದಿಂದಲೇ ಶುರುವಾಗುತ್ತದೆ. ಆ ಪದ ಮಗುವಿನ ಬಾಯಲ್ಲಿದ್ದರೆ ಅಲ್ಲಿಂದಲೇ ಹಿಡಿಯಿರಿ. ಅಂಥ ಪದಗಳನ್ನೂ ಲೆಕ್ಕಕ್ಕೆ ಸೇರಿಸಿದರೆ ತೆಲುಗಿನ ಚ–ತ್ಸ ಬರೀ ಉಪಧ್ವನಿಗಳಾಗಿ ಉಳಿಯುವುದಿಲ್ಲ ಎನ್ನುವುದನ್ನು ತುಮಕೂರಿನ ವಿದ್ಯಾರ್ಥಿನಿಯೂ ಗಮನಿಸಲಿ.

ಪ್ರಶ್ನೆ: ನಮ್ಮ ಕಡೆ ‘ಎಲೆ’ ಅಂದರೆ ‘ಯೆಲೆ’, ಕೆಲವರ ಬಾಯಲ್ಲಿ ‘ಹಾಡು’ ಹೋಗಿ ‘ಆಡು’. ಎರಡೂ ಉಪಧ್ವನಿಯ ಸಂಗತಿಯೇ?
– ಓದುಗರು, ಕೋಲಾರ

ಉತ್ತರ: ಮೊದಲನೆಯದು ಹೌದು. ಪದದ ಆರಂಭದ ಎಕಾರಕ್ಕೆ ತೆಳುವಾದ ಯ, ಒಕಾರಕ್ಕೆ ವ ಅಂಟಿಕೊಳ್ಳುತ್ತದೆ, ಅರ್ಥ ಬದಲಾಗುವುದಿಲ್ಲ. ಎರಡನೆಯದು ಬೇರೆ. ಹಾಗೆ ಹೇಳುವವರ ಮಾತಿನಲ್ಲಿ ಹಕಾರದ ವ್ಯತ್ಯಾಸವೇ ಅಳಿಸಿಹೋಗಿರಬಹುದು. ಪರೀಕ್ಷಿಸಿ ನೋಡಿ: ಮೇಕೆಯ 10 ಚಿತ್ರ, ಹಾಡುವವರ 10 ಚಿತ್ರ ಬೆರೆಸಿ ಒಬ್ಬರಿಂದ ‘ಆಡು’, ‘ಹಾಡು’ ಹೇಳಿಸಿ. ಅದೇ ಊರಿನ ಇನ್ನೊಬ್ಬರು ಬೆನ್ನು ತಿರುಗಿಸಿ ಕೂತು ಯಾವ ಚಿತ್ರ ಎಂದು ಹೇಳಲಿ. 20ರಲ್ಲಿ 10ರ ಆಸುಪಾಸು ಸರಿಯಾದರೆ ಅದು ಬರೀ ಊಹೆ, ವ್ಯತ್ಯಾಸ ಇಲ್ಲ. 18–19 ಸರಿಯಾದರೆ ನಿಮ್ಮ ಕಿವಿಗೆ ಬೀಳದ ಏನೋ ಒಂದು ಅವರಿಗೆ ಕೇಳುತ್ತಿದೆ. ಪದ ಬರೆದ ಚೀಟಿ ಮಾತ್ರ ಕೊಡಬೇಡಿ. ಬರಹ ಕಂಡ ಕೂಡಲೇ ಶಾಲೆಯ ಹಕಾರ ಬಾಯಿಗೆ ಬಂದುಬಿಡುತ್ತದೆ.

ಪ್ರಶ್ನೆ: ಇದನ್ನೆಲ್ಲ ಕಂಪ್ಯೂಟರ್ ಹೇಳುವುದಿಲ್ಲವೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಅರ್ಧ ಹೇಳುತ್ತದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ‘ಪ್ರಾಟ್’ ಎಂಬ ಉಚಿತ ತಂತ್ರಾಂಶದಲ್ಲಿ ಇಂಗ್ಲಿಷ್‌ನ ‘ಪಿನ್’, ‘ಸ್ಪಿನ್’ ಎರಡನ್ನೂ ತೆರೆದು ನೋಡಿ. ‘ಪಿನ್’ನಲ್ಲಿ ತುಟಿ ಬಿಚ್ಚಿದ ಮೇಲೆ ಸ್ವರ ಶುರುವಾಗುವ ಮುನ್ನ ಉಸಿರಿನ ಉದ್ದನೆಯ ಪಟ್ಟಿ ಕಾಣುತ್ತದೆ, ‘ಸ್ಪಿನ್’ನಲ್ಲಿ ಅದು ತೀರಾ ಗಿಡ್ಡ. ಅಳತೆ ಅಲ್ಲಿಗೆ ಮುಗಿಯಿತು. ಇಂಗ್ಲಿಷ್‌ನಲ್ಲಿ ಆ ಉಸಿರಿನಿಂದ ಅರ್ಥ ಬದಲಾಗದು; ಹಿಂದಿಯಲ್ಲಿ ಪಲ್ ಎಂದರೆ ಕ್ಷಣ, ಫಲ್ ಎಂದರೆ ಹಣ್ಣು. ಅರ್ಥ ಬದಲಾಗುತ್ತದೆಯೇ ಎನ್ನುವುದನ್ನು ಆ ಭಾಷೆ ಆಡುವವರನ್ನೇ ಕೇಳಬೇಕು.