ಅಳಿವೆ ದಾಟದ ಹಡಗುಗಳು
(ಓದುಗರ ಪ್ರಶ್ನೆ)

ಪ್ರಶ್ನೆ: ಪೋರ್ಚುಗೀಸರ ಕಾಲದಿಂದಲೂ ಮಂಗಳೂರಿನಲ್ಲಿ ಬಂದರಿತ್ತಲ್ಲ, ಮತ್ತೆ ಪಣಂಬೂರಿನಲ್ಲಿ ಹೊಸದೇಕೆ ಬೇಕಾಯಿತು? ಹಳೆ ಬಂದರಿಗೆ ದೊಡ್ಡ ಹಡಗು ಬರುತ್ತಿರಲಿಲ್ಲವೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಧಕ್ಕೆಯವರೆಗೆ ಬರುತ್ತಿರಲಿಲ್ಲ. ಹಳೆ ಬಂದರು ಇರುವುದು ಬೆಂಗ್ರೆಯ ಮರಳುಪಟ್ಟಿಯ ಒಳಮಗ್ಗುಲಲ್ಲಿ, ಗುರುಪುರ ಹೊಳೆಯ ದಡದಲ್ಲಿ. ಈ ಹೊಳೆಯೂ ನೇತ್ರಾವತಿಯೂ ಕೂಡಿ ಕಡಲು ಸೇರುವ ಅಳಿವೆಯೇ ಅದರ ಬಾಗಿಲು. ಮಳೆಗಾಲದಲ್ಲಿ ಹೊಳೆ ಹೂಳನ್ನು ಹೊರಗೆ ನೂಕುತ್ತದೆ, ಅಲೆ ಮರಳನ್ನು ಒಳಗೆ ನೂಕುತ್ತದೆ. ಎರಡೂ ಸೋತಲ್ಲಿ ದಿಬ್ಬ ಏಳುತ್ತದೆ. ಅದು ನಿಂತಲ್ಲಿ ನಿಲ್ಲುವುದೂ ಇಲ್ಲ. ಹೋದ ವರ್ಷದ ದಾರಿಯನ್ನೇ ನಂಬಿದ ದೋಣಿ ಈ ವರ್ಷ ಮರಳಿಗೆ ತಳ ಕೊಡುತ್ತದೆ.

ಹಾಗಾಗಿ ದೊಡ್ಡ ಹಡಗು ಹೊರಗಡಲಲ್ಲೇ ಲಂಗರು ಹಾಕಬೇಕು. ಅಕ್ಕಿಯನ್ನೇ ತೆಗೆದುಕೊಳ್ಳಿ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿ, ಅಂದರೆ 42 ಸೇರು, ತಲೆಹೊರೆಯಲ್ಲಿ ದೋಣಿಗೆ ಇಳಿಯಬೇಕು. ದೋಣಿ ಉಬ್ಬರ ಕಾದು ಅಳಿವೆ ದಾಟಬೇಕು. ಹಡಗಿನ ಮಗ್ಗುಲಲ್ಲಿ ತೂಗಾಡುತ್ತಲೇ ಮುಡಿಯನ್ನು ಹಗ್ಗದಲ್ಲಿ ಮೇಲೆತ್ತಬೇಕು. ಕೈ ತಪ್ಪಿ ನೀರು ತಗಲಿದರೆ ಅಕ್ಕಿ ಮುಗ್ಗಲು. ಆಷಾಢದ ಕಡಲಿನಲ್ಲಂತೂ ಈ ಕೆಲಸವೇ ಇಲ್ಲ.

ಇಷ್ಟು ಕಷ್ಟವಿದ್ದರೂ ಬಂದವರೆಲ್ಲ ಇದಕ್ಕಾಗಿ ಕಾದಾಡಿದರು, ಮುಖ್ಯವಾಗಿ ಅಕ್ಕಿ, ಮೆಣಸಿನ ಆಸೆಗೆ. ಪೋರ್ಚುಗೀಸರು 1568ರಲ್ಲಿ ಇಲ್ಲಿ ಕೋಟೆ ಕಟ್ಟಿದರು. ಅವರ ಗೋವೆಯ ಊಟ ಕೆನರಾದ ಅಕ್ಕಿಯನ್ನು ನೆಚ್ಚಿತ್ತು. 1763ರಲ್ಲಿ ಹೈದರಾಲಿ ಬಂದ, ನೌಕಾಪಡೆಗೆ ಇಲ್ಲೇ ನೆಲೆ ಮಾಡಿದ. 1799ರಲ್ಲಿ ಊರು ಕಂಪನಿಯ ಪಾಲಾಗಿ ಥಾಮಸ್ ಮನ್ರೋ ಕಲೆಕ್ಟರಾದ.

ಪೇಟೆ ನಿಜವಾಗಿ ಬೆಳೆದದ್ದು ಆಮೇಲೆ, ಅದೂ ಹೊಳೆಯ ದೆಸೆಯಿಂದ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿತು. ನಂತರದ ಕಾರ್ಖಾನೆಗಳೂ ಹೊಳೆಬದಿಗೇ ಅಂಟಿಕೊಂಡವು: ಆವೆಮಣ್ಣು, ಸೌದೆ ದೋಣಿಯಲ್ಲಿ ಬರಬೇಕು, ಸುಟ್ಟ ಹಂಚು ದೋಣಿಯಲ್ಲೇ ಹೋಗಬೇಕು. ಗಾಡಿಯಲ್ಲಿ ಕುಲುಕಿದರೆ ಹಂಚು ಒಡೆಯುತ್ತದೆ. 1907ರಲ್ಲಿ ರೈಲು ಬಂತು, ಆದರೆ ಅಳಿವೆಯ ಮರಳಿಗೆ ರೈಲು ಮದ್ದಲ್ಲ. ಕೊನೆಗೆ ಅಳಿವೆಯ ಗೊಡವೆಯೇ ಬೇಡವೆಂದು ಪಣಂಬೂರಿನಲ್ಲಿ ನೆಲ ಅಗೆದು ಕಡಲನ್ನೇ ಒಳಗೆ ಕರೆದರು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಮಂಜಿಗಳು, ಅಂದರೆ ಸರಕು ಸಾಗಿಸುವ ಮರದ ಹಡಗುಗಳು, ಮಾತ್ರ ಲಕ್ಷದ್ವೀಪಕ್ಕೆ ಸಾಮಾನು ತುಂಬಲು ಹಳೆ ಧಕ್ಕೆಯನ್ನು ಬಿಡಲಿಲ್ಲ.

ಪ್ರಶ್ನೆ: ಸುಲ್ತಾನ್ ಬತ್ತೇರಿ ಪೋರ್ಚುಗೀಸರದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಅಲ್ಲ, ಟಿಪ್ಪುವಿನದು, 1784ರ ಕಾಲದ್ದು. ಮಂಗಳೂರಿನ ಬೋಳೂರಿನಲ್ಲಿ, ಹೊಳೆದಡದ ಈ ಕಾವಲುಗೋಪುರದ ಮುಂದೆ ನಿಂತರೆ ಉದ್ದೇಶ ಕಣ್ಣಿಗೇ ಬೀಳುತ್ತದೆ: ಕರಿಕಲ್ಲಿನ ಗೋಡೆ, ಅದರಲ್ಲಿ ಫಿರಂಗಿಯ ಕಿಂಡಿಗಳು, ಕಾವಲು ಗುರುಪುರ ಹೊಳೆಗೆ ನುಗ್ಗುವ ಶತ್ರು ಹಡಗುಗಳ ಮೇಲೆ.