ಪವರ್ ತಡೆಯುವ ಕನ್ನಡಕ ಹಾಕಿದರೆ ಮಗುವಿಗೆ ಮಂಜಾಗಿ ಕಾಣುತ್ತಾ?

ಪ್ರಶ್ನೆ: ಮಗಳಿಗೆ 9 ವರ್ಷ. ಒಂದೇ ವರ್ಷದಲ್ಲಿ ಪವರ್ ಮೈನಸ್ 1.5ರಿಂದ 2.25ಕ್ಕೆ ಏರಿತು. ಪವರ್ ಬೇಗ ಏರದಂತೆ ತಡೆಯುವ ಲೆನ್ಸ್ ಅಂತ ಡಾಕ್ಟರು ಹೊಸ ಕನ್ನಡಕ ಕೊಟ್ಟಿದ್ದಾರೆ. ಮೂರು ದಿನದಿಂದ ‘ಪಕ್ಕದಲ್ಲೆಲ್ಲಾ ಮಂಜು ಮಂಜು’ ಅಂತಿದ್ದಾಳೆ. ಇರುವ ದೃಷ್ಟಿಯೂ ಕೆಡುತ್ತಾ? ಇದರ ಬದಲು ಸ್ವಲ್ಪ ಕಡಿಮೆ ಪವರಿನ ಮಾಮೂಲಿ ಕನ್ನಡಕ ಸಾಕಲ್ವಾ?

ಉತ್ತರ: ಕೆಡಲ್ಲ, ಗಾಬರಿ ಬೇಡ. ಆ ಕನ್ನಡಕವನ್ನು ಒಮ್ಮೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನಡುವೆ ಒಂದು ಜಾಗ ಪೂರ್ತಿ ತಿಳಿಯಾಗಿರುತ್ತೆ, ಅದರ ಸುತ್ತ ಸಣ್ಣ ಸಣ್ಣ ಉಬ್ಬುಗಳು ಕಾಣುತ್ತವೆ. ಡಿಮ್ಸ್ ಅನ್ನೋ ಬಗೆಯ ಲೆನ್ಸಿನಲ್ಲಿ ಈ ತಿಳಿ ಜಾಗ ಸುಮಾರು 9 ಮಿ.ಮೀ. ಅಗಲ, ಸುತ್ತಲಿನ ಉಬ್ಬುಗಳು 400ರ ಹತ್ತಿರ. ಮಗು ನೇರವಾಗಿ ನೋಡುವಾಗ ನಡುವಿನ ಜಾಗದಿಂದಲೇ ನೋಡುತ್ತೆ, ಹಾಗಾಗಿ ಬೋರ್ಡಿನ ಅಕ್ಷರ ಮಾಮೂಲಿ ಕನ್ನಡಕದಲ್ಲಿ ಕಂಡಷ್ಟೇ ಸ್ಪಷ್ಟವಾಗಿ ಕಾಣುತ್ತೆ. ತಲೆ ತಿರುಗಿಸದೆ ಬರೀ ಕಣ್ಣು ಹೊರಳಿಸಿದರೆ ನೋಟ ಉಬ್ಬುಗಳ ಮೂಲಕ ಹೋಗುತ್ತೆ, ಆಗ ಸ್ವಲ್ಪ ಮಂಜು, ಅದೂ ಮಸುಕು ಬೆಳಕಿನಲ್ಲಿ, ತೆಳು ಅಕ್ಷರಗಳನ್ನು ನೋಡುವಾಗ ಜಾಸ್ತಿ. ತಲೆ ತಿರುಗಿಸಿ ನೋಡೋದು ರೂಢಿಯಾದ ಮೇಲೆ ಬಹಳಷ್ಟು ಮಕ್ಕಳು ಈ ಮಂಜಿನ ಮಾತೇ ಎತ್ತಲ್ಲ.

ಆ ಉಬ್ಬುಗಳು ಸುಮ್ನೆ ಇಲ್ಲ. ಮೈನಸ್ ಪವರ್ ಏರುತ್ತಿದೆ ಅಂದರೆ ಸಾಮಾನ್ಯವಾಗಿ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆಯುತ್ತಿದೆ ಅಂತ ಅರ್ಥ. ಉಬ್ಬುಗಳು ಸ್ವಲ್ಪ ಬೆಳಕನ್ನು ರೆಟಿನಾಗಿಂತ (ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪರದೆ) ಮುಂದೆಯೇ ಬೀಳಿಸುತ್ತವೆ, ಅದರಿಂದ ಆ ಬೆಳವಣಿಗೆ ನಿಧಾನವಾಗುತ್ತೆ. ಹಾಂಗ್‌ಕಾಂಗ್‌ನಲ್ಲಿ 8ರಿಂದ 13 ವರ್ಷದ ಮಕ್ಕಳ ಮೇಲೆ 2 ವರ್ಷ ನಡೆದ ಪರೀಕ್ಷೆಯಲ್ಲಿ, ಮಾಮೂಲಿ ಕನ್ನಡಕ ಹಾಕಿದವರಿಗಿಂತ ಡಿಮ್ಸ್ ಹಾಕಿದವರಲ್ಲಿ ಪವರ್ ಏರಿದ್ದು ಸರಾಸರಿ 52% ಕಡಿಮೆ. ಆದರೆ ಈಗಾಗಲೇ ಬಂದಿರುವ ಪವರ್ ಇಳಿಯಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ.

ನಾನು ಬಹಳ ಒತ್ತಿ ಹೇಳೋದು ಫ್ರೇಮ್ ಬಗ್ಗೆ. ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ತಿಳಿ ಜಾಗ ಸರಿಯಾಗಿ ಕಣ್ಣಿನ ಪಾಪೆಯ ಎದುರಿಗೇ ಬರಬೇಕು. ಕನ್ನಡಕ ಮೂಗಿನ ತುದಿಗೆ ಜಾರಿದರೆ ಮಗು ಮೇಲಿನ ಉಬ್ಬುಗಳಿಂದ ನೋಡಬೇಕಾಗುತ್ತೆ, ಆಗ ನೇರ ನೋಟವೂ ಮಂಜೇ. ಮಗಳು ಓಡಾಡುವಾಗ, ಬಗ್ಗಿ ಬರೆಯುವಾಗ ಎದುರಿಂದ ಗಮನಿಸಿ. ಜಾರುತ್ತಿದ್ದರೆ ಇವತ್ತೇ ಬಿಗಿ ಮಾಡಿಸಿ. ಇನ್ನೊಂದು, ಎದ್ದಾಗಿನಿಂದ ಮಲಗುವವರೆಗೂ ಹಾಕಿರಬೇಕು. ಇಂಥದ್ದೇ ಇನ್ನೊಂದು ಲೆನ್ಸಿನ ಪರೀಕ್ಷೆಯಲ್ಲಿ ದಿನಕ್ಕೆ 12 ಗಂಟೆ ಅಥವಾ ಜಾಸ್ತಿ ಹಾಕಿದ ಮಕ್ಕಳಿಗೇ ಹೆಚ್ಚು ಲಾಭ ಸಿಕ್ಕಿತು. ಸ್ಕೂಲಿಗೆ ಮಾತ್ರ ಹಾಕಿ ಮನೆಯಲ್ಲಿ ತೆಗೆದಿಟ್ಟರೆ ಅಷ್ಟು ಉಪಯೋಗ ಆಗಲ್ಲ.

ಕಡಿಮೆ ಪವರ್ ಕೊಡೋ ಯೋಚನೆ ಖಂಡಿತ ಬಿಡಿ. ಅದು ಹಳೇ ನಂಬಿಕೆ. 2002ರಲ್ಲಿ ಪ್ರಕಟವಾದ ಮಲೇಷ್ಯಾದ ಅಧ್ಯಯನದಲ್ಲಿ ಹಾಗೆ ಕಡಿಮೆ ಕೊಟ್ಟ ಮಕ್ಕಳಿಗೇ ಪವರ್ ಜಾಸ್ತಿ ಏರಿತ್ತು.

ದಿನಕ್ಕೆ ಎರಡು ಗಂಟೆ ಹೊರಗಿನ ಬೆಳಕಿನಲ್ಲಿ ಆಡಲಿ. ಆರು ತಿಂಗಳಿಗೊಮ್ಮೆ ಪವರ್ ಜೊತೆಗೆ ಕಣ್ಣಿನ ಉದ್ದವನ್ನೂ ಅಳೆಸಿ. ಎರಡು ವಾರ ಕಳೆದರೂ ಮಂಜು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಒಂದು ಎರಡಾಗಿ ಕಾಣುತ್ತೆ ಅಂದರೆ ಅಥವಾ ತಲೆನೋವು ಅಂದರೆ ಅಷ್ಟು ದಿನವೂ ಕಾಯಬೇಡಿ.