ಆರು ಇಂಚಿನ ಆಕ್ಷನ್ ಫಿಗರ್‌ಗೆ ಕತ್ತಿ ಮಾಡಬೇಕು: ಅಲಗನ್ನು ಯಾವ ಅಳತೆಗೆ ಕತ್ತರಿಸಲಿ?

ಅಲಗಿನ ಅಳತೆ ಕೇಳಿದ್ದೀರಿ. ಅದನ್ನು ಸದ್ಯಕ್ಕೆ ಬದಿಗಿಡಿ, ಮೊದಲು ಬೊಂಬೆಯ ಮುಷ್ಟಿಯನ್ನು ಅಳೆಯಿರಿ.

ಆರು ಇಂಚಿನ ಫಿಗರ್‌ಗಳನ್ನು ಸಾಮಾನ್ಯವಾಗಿ 1:12 ಪ್ರಮಾಣದವೆಂದು, ಅಂದರೆ ನಿಜ ಗಾತ್ರದ ಹನ್ನೆರಡನೇ ಒಂದು ಭಾಗವೆಂದು ಎಣಿಸುತ್ತಾರೆ. ನಿಜವಾದ ಕತ್ತಿಯ ಹಿಡಿ 3 ಸೆಂ.ಮೀ. ದಪ್ಪವಿದ್ದರೆ ಲೆಕ್ಕದ ಪ್ರಕಾರ ನಿಮ್ಮದು 2.5 ಮಿ.ಮೀ. ಆಗಬೇಕು. ಆದರೆ ಬೊಂಬೆಯ ಮುಷ್ಟಿಗೆ ಈ ಲೆಕ್ಕ ಗೊತ್ತಿಲ್ಲ. ಜೊತೆಗೆ ಬಂದ ಆಯುಧ ಎಷ್ಟು ದಪ್ಪವೋ ಅಷ್ಟಕ್ಕೆ ಅದನ್ನು ಎರಕ ಹೊಯ್ದಿರುತ್ತಾರೆ. ಡ್ರಿಲ್ ಬಿಟ್‌ಗಳ ನುಣುಪಾದ ಹಿಂಬದಿಯನ್ನು ಒಂದೊಂದಾಗಿ ಮುಷ್ಟಿಯೊಳಗೆ ತೂರಿಸಿ ನೋಡಿ. ಜಾರದೆ, ಬೆರಳುಗಳನ್ನು ಅಗಲಿಸದೆ ನಿಲ್ಲುವ ಬಿಟ್‌ನ ದಪ್ಪವೇ ನಿಮ್ಮ ಹಿಡಿಯ ದಪ್ಪ. ಅದಕ್ಕಿಂತ ತುಸು ಕಡಿಮೆಯೇ ಇರಲಿ, ಏಕೆಂದರೆ ಆಮೇಲೆ ಸುತ್ತುವ ದಾರ ದಪ್ಪವನ್ನು ಹೆಚ್ಚಿಸುತ್ತದೆ.

ಇನ್ನು ಅಲಗು. 90 ಸೆಂ.ಮೀ. ಉದ್ದದ ಕತ್ತಿ 1:12ರಲ್ಲಿ 75 ಮಿ.ಮೀ. ಆಗುತ್ತದೆ. ದಪ್ಪಕ್ಕೂ ಇದೇ ಭಾಗಾಕಾರ ಹಾಕಿದರೆ ಅರ್ಧ ಮಿಲಿಮೀಟರಿಗೂ ಕಡಿಮೆ ಬರುತ್ತದೆ; ಅಷ್ಟು ತೆಳುವಾದ ಪ್ಲಾಸ್ಟಿಕ್ ಒಂದು ಬೇಸಿಗೆ ಕಳೆಯುವುದರೊಳಗೆ ಬಾಗಿರುತ್ತದೆ. ನಾನು 1 ಮಿ.ಮೀ. ದಪ್ಪದ ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆ ಬಳಸಿ ಅಂಚುಗಳನ್ನು ಮಾತ್ರ ಇಳಿಜಾರಾಗಿ ಉಜ್ಜುತ್ತೇನೆ. ಕಣ್ಣು ನೋಡುವುದು ಅಂಚನ್ನು, ನಡುವಿನ ದಪ್ಪವನ್ನಲ್ಲ.

ಅಲಗು ಮತ್ತು ಹಿಡಿಯನ್ನು ಬೇರೆ ಬೇರೆ ಮಾಡಿ ತುದಿಗೆ ತುದಿ ಅಂಟಿಸಬೇಡಿ. ಮುರಿಯುವುದು ಯಾವಾಗಲೂ ಅಲ್ಲಿಯೇ. ಒಂದೇ ಪಟ್ಟಿ ಅಲಗಿನ ತುದಿಯಿಂದ ಹಿಡಿಯ ಬುಡದವರೆಗೆ ಸಾಗಲಿ, ಹಿಡಿಯ ಭಾಗದಲ್ಲಿ ಅದರ ಇಬ್ಬದಿಗೂ ತುಂಡುಗಳನ್ನು ಅಂಟಿಸಿ ದುಂಡಗೆ ಉಜ್ಜಿ. ನಿಜವಾದ ಕತ್ತಿಗಳಲ್ಲೂ ಅಲಗಿನ ಬಾಲ ಹಿಡಿಯೊಳಗೆ ಇಳಿದಿರುತ್ತದೆ. ಅಲಗು ಮತ್ತು ಹಿಡಿ ಸೇರುವಲ್ಲಿ ಬರುವ ಅಡ್ಡಪಟ್ಟಿಯ ನಡುವೆ ಸೀಳು ಕೊರೆದು, ಹಿಡಿ ಕೂರಿಸುವ ಮೊದಲೇ ಅದನ್ನು ಕೆಳಗಿನಿಂದ ತೂರಿಸಿ.

ಸ್ಟೈರೀನನ್ನು ಪೂರ್ತಿ ಕತ್ತರಿಸುವ ಅಗತ್ಯವಿಲ್ಲ. ಉಕ್ಕಿನ ಅಳತೆಪಟ್ಟಿ ಇಟ್ಟು ಬ್ಲೇಡಿನಿಂದ ಎರಡು ಮೂರು ಬಾರಿ ಗೀರಿ ಬಗ್ಗಿಸಿದರೆ ಗೀರಿನುದ್ದಕ್ಕೂ ನೇರವಾಗಿ ಬಿರಿಯುತ್ತದೆ. ಅಂಟಿಸಲು ಸೂಪರ್ ಗ್ಲೂಗಿಂತ ಮಾಡೆಲ್ ತಯಾರಕರ ಪ್ಲಾಸ್ಟಿಕ್ ಸಿಮೆಂಟ್ ಮೇಲು: ಅದು ಎರಡೂ ಮೈಗಳನ್ನು ಕರಗಿಸಿ ಒಂದಾಗಿಸುತ್ತದೆ. ಕರಗಿದ್ದು ಮತ್ತೆ ಗಟ್ಟಿಯಾಗಲು ಒಂದು ರಾತ್ರಿ ಬಿಡಿ, ಅದಕ್ಕೂ ಮೊದಲು ಉಜ್ಜಿದರೆ ಅಂಚು ಕಿತ್ತು ಬರುತ್ತದೆ. ಉಜ್ಜುವಾಗ ಸ್ಯಾಂಡ್‌ಪೇಪರನ್ನು ಗಾಜಿನ ಮೇಲೆ ಅಂಟಿಸಿ ಅಲಗನ್ನೇ ಆಡಿಸಿ. 400 ನಂಬರಿನ ಕಾಗದದಿಂದ ಆರಂಭಿಸಿ ಇನ್ನೂ ನಯವಾದ 800ಕ್ಕೆ ಹೋಗಿ. ನೀರು ಹಚ್ಚಿ ಉಜ್ಜಿದರೆ ದೂಳು ಏಳುವುದಿಲ್ಲ.

ಬೆಳ್ಳಿ ಬಣ್ಣದ ಬಗ್ಗೆ ನನಗೆ ಒಲವಿಲ್ಲ. ಅದರೊಳಗಿನ ಹೊಳೆಯುವ ಕಣಗಳು ಈ ಗಾತ್ರಕ್ಕೆ ತೀರ ದೊಡ್ಡವು, ಕತ್ತಿ ಮಿಠಾಯಿಯ ಬೆಳ್ಳಿ ಹಾಳೆಯಂತೆ ಕಾಣುತ್ತದೆ. ಹೊಳಪಿಲ್ಲದ ಕಪ್ಪು ಬಳಿದು, ಒಣಗಿದ ಮೇಲೆ ಪೆನ್ಸಿಲ್ ಸೀಸದ ಪುಡಿಯನ್ನು ಬೆರಳಿನಿಂದ ತಿಕ್ಕಿ ನೋಡಿ, ಉಕ್ಕು ತಾನಾಗಿ ಎದ್ದು ಬರುತ್ತದೆ. ಹಿಡಿಗೆ ಮಾತ್ರ ಬಣ್ಣ ಬೇಡ, ಮುಷ್ಟಿಯೊಳಗೆ ತೂರಿಸಿ ತೆಗೆಯುವಾಗ ಸುಲಿದು ಹೋಗುತ್ತದೆ. ಕಪ್ಪು ಅಥವಾ ಕಂದು ಹೊಲಿಗೆ ದಾರ ಸುತ್ತಿ ತೆಳು ಸೂಪರ್ ಗ್ಲೂ ಕುಡಿಸಿದರೆ ಸಾಕು.

ಮುಷ್ಟಿ ಮೆದು ಪಿ.ವಿ.ಸಿ.ಯದಾದರೆ ಬಿಸಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಬೆರಳುಗಳು ಸಡಿಲವಾಗುತ್ತವೆ. ಕತ್ತಿ ಕೂರಿಸಿ ತಣ್ಣೀರಿಗೆ ಹಾಕಿದರೆ ಹಿಡಿತ ಹಾಗೆಯೇ ನಿಲ್ಲುತ್ತದೆ. ಕೈ ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಈ ಉಪಾಯ ನಡೆಯುವುದಿಲ್ಲ, ಬಲವಂತ ಮಾಡಿದರೆ ಬೆರಳೇ ಮುರಿಯುತ್ತದೆ. ಆಗ ಹಿಡಿಯನ್ನೇ ಉಜ್ಜಿ ತೆಳುವಾಗಿಸಿ.

ಮುಂದೆ ಬಂದೂಕು ಮಾಡುವ ಯೋಚನೆ ಇದ್ದರೆ ಮೂರು ಪದರಗಳಲ್ಲಿ ಮಾಡಿ. ಟ್ರಿಗರ್ ಮತ್ತು ಅದನ್ನು ಸುತ್ತುವರಿದ ಬಳೆ, ಇವೆರಡೂ ನಡುವಿನ ಪದರದಲ್ಲಿ ಮಾತ್ರ ಇರಲಿ, ಆಗ ಅವು ತೆಳುವಾಗಿ ಉಳಿಯುತ್ತವೆ. ನಳಿಗೆಯ ಬಾಯನ್ನು 1 ಮಿ.ಮೀ. ಬಿಟ್‌ನಿಂದ ಕೈಯಲ್ಲೇ ತಿರುಗಿಸಿ ಕೊರೆಯಿರಿ. ಬೊಂಬೆಯ ತೋರುಬೆರಳು ಬಿಡಿಯಾಗಿ ಚಾಚಿಲ್ಲದಿದ್ದರೆ ಬಳೆಯನ್ನು ಹಿಂಬದಿಯಲ್ಲಿ ತೆರೆದೇ ಬಿಡಬೇಕಾಗುತ್ತದೆ.